ಜಿಪ್ಸಿಯ ಕಮಾನ್ ಪಟ್ಟಾಕ್ಕೆ ಬೇಕಾದ ಭಾಗ ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ: ಶ್ಯಾಕಲ್ ಪ್ಲೇಟ್, ಬಂಪ್ ರಬ್ಬರ್, ಪಟ್ಟಾ ಪ್ಯಾಡ್

ನಮ್ಮ ಮಾರುತಿ ಜಿಪ್ಸಿ ಹೊಲದ ದಾರಿಗೆ ಇಳಿದರೆ ಮನೆಯಲ್ಲಿ ಕೂತವರಿಗೂ ಗೊತ್ತಾಗುತ್ತಿತ್ತು. ಹಿಂದಿನಿಂದ ಕಿರ್ ಕಿರ್ ಸದ್ದು, ಗುಂಡಿಗೆ ಬಿದ್ದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ ಧಡ್ ಅನ್ನುವ ಏಟು. ಕಲಬುರಗಿ ಸುತ್ತ ಹಳ್ಳಿಯಲ್ಲಿ ಗಾಡಿ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೆ ಮೆತ್ತುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು ಗಟ್ಟಿ ಹೆಂಟೆಯಾಗುತ್ತದೆ. ಈ ಎರಡರ ನಡುವೆ ಸಿಕ್ಕಿ ಸವೆಯುವುದು ಗಾಡಿಯ ಕಮಾನು, ಅಂದರೆ ಗಾಡಿಯ ಭಾರ ಹೊರುವ, ಒಂದರ ಮೇಲೊಂದು ಕೂಡಿಸಿದ ಬಾಗಿದ ಉಕ್ಕಿನ ಪಟ್ಟಾಗಳು (ಲೀಫ್ ಸ್ಪ್ರಿಂಗ್).

ಹಳೇ ಗಾಡಿಗೆ ಹೊಸ ಭಾಗ ಬೇಗ ಸಿಗುವುದಿಲ್ಲ, ಸಿಕ್ಕರೂ ಅಳತೆ ಸರಿ ಇರುತ್ತದೆ ಅನ್ನುವ ಹಾಗಿಲ್ಲ. ಹಾಗಾಗಿ ನಾಲ್ಕೈದು ವರ್ಷದಿಂದ ಕೆಲವು ಭಾಗಗಳನ್ನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದೇನೆ. ನನ್ನ ಹತ್ತಿರ ಲೇತ್ ಇಲ್ಲ, ವೆಲ್ಡಿಂಗ್ ಮಷಿನ್ ಇಲ್ಲ. ಒಂದು ವೈಸ್, ಹ್ಯಾಕ್ಸಾ, ಎರಡು ಅರ (ನಮ್ಮ ಕಡೆ ಕಾನಸ ಅಂತಾರೆ), ಡ್ರಿಲ್ ಮಷಿನ್, ಸೂಕ್ಷ್ಮ ಅಳತೆಗೆ ವರ್ನಿಯರ್, ಸೆಂಟರ್ ಪಂಚ್, ನಾಲ್ಕು ಸಿ ಕ್ಲಾಂಪ್, ಪಾನಾ ಸೆಟ್. ಇಷ್ಟೇ.

ಇಲ್ಲಿ ಹೇಳುವುದು ಕಮಾನ್ ಪಟ್ಟಾ ಇರುವ ಗಾಡಿಗಳಿಗೆ. ಜಿಪ್ಸಿಗೆ ನಾಲ್ಕೂ ಚಕ್ರಕ್ಕೆ ಕಮಾನ್ ಪಟ್ಟಾ ಇದೆ, ಓಮ್ನಿಗೆ ಹಿಂದೆ ಮಾತ್ರ. ಹಳೇ ಮಹೀಂದ್ರ ಜೀಪುಗಳಲ್ಲೂ ಇದೇ ಏರ್ಪಾಡು.

ಯಾವುದನ್ನು ಮಾಡಬೇಕು, ಯಾವುದನ್ನು ಮುಟ್ಟಬಾರದು

ಕೆಲಸ ಶುರು ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಭಾಗ ಓಡುವಾಗ ಮುರಿದರೆ ಏನಾಗುತ್ತದೆ? ಸದ್ದು ಬರುತ್ತದೆ, ಗಾಡಿ ಸ್ವಲ್ಪ ಎಗರುತ್ತದೆ ಅನ್ನುವುದಾದರೆ ಮನೆಯಲ್ಲಿ ಮಾಡಬಹುದು. ಚಕ್ರ ಕೈಬಿಡುತ್ತದೆ, ಸ್ಟೇರಿಂಗ್ ಹೋಗುತ್ತದೆ ಅನ್ನುವುದಾದರೆ ಅದು ಮನೆ ಕೆಲಸವಲ್ಲ. ಬಾಲ್ ಜಾಯಿಂಟ್, ಟೈ ರಾಡ್, ಲೋವರ್ ಆರ್ಮ್, ಚಕ್ರದ ಹಬ್, ಯು ಬೋಲ್ಟ್ ಇವೆಲ್ಲ ಕೊಂಡೇ ತನ್ನಿ. ದುಡ್ಡು ಉಳಿಸುವ ಜಾಗ ಇದಲ್ಲ.

ಪಟ್ಟಾವನ್ನು ವೆಲ್ಡ್ ಮಾಡಿಸಬೇಡಿ, ತೂತು ಕೊರೆಯಬೇಡಿ, ಗ್ಯಾಸ್ ಹಚ್ಚಿ ಕಾಯಿಸಬೇಡಿ. ಅದು ಸಿಲಿಕಾನ್, ಮ್ಯಾಂಗನೀಸ್ ಸೇರಿಸಿ ಹದ ಕೊಟ್ಟ ಉಕ್ಕು. ಕಾಯಿಸಿದರೆ ಹದ ಹೋಗುತ್ತದೆ. ವೆಲ್ಡ್ ಮಾಡಿದ ಪಕ್ಕದಲ್ಲೇ ಅದು ಗಾಜಿನ ಹಾಗೆ ಪೆಡಸಾಗಿ ಒಡೆಯುತ್ತದೆ. ಪಟ್ಟಾ ಬಾಗಿ ಕೂತಿದ್ದರೆ ಕಮಾನ್ ಕೆಲಸದವರ ಹತ್ತಿರವೇ ಹೋಗಿ. ಕಾಯಿಸದೆ ಸುತ್ತಿಗೆಯಲ್ಲಿ ಬಾಗು ಕೊಡುವುದು ಅವರಿಗೆ ಗೊತ್ತು.

ಪಟ್ಟಾದ ತುದಿಯನ್ನು ಚಾಸಿಗೆ (ಗಾಡಿಯ ಚೌಕಟ್ಟಿಗೆ) ಜೋಡಿಸುವ ಶ್ಯಾಕಲ್ ಪ್ಲೇಟ್, ಮಾಡಬಹುದಾದದ್ದು ಮತ್ತು ಮುಟ್ಟಬಾರದ್ದು ಈ ಎರಡರ ಗಡಿಯಲ್ಲಿದೆ. ಮುರಿದರೆ ಪಟ್ಟಾದ ತುದಿ ಚಾಸಿಗೆ ಬಡಿಯುತ್ತದೆ, ಗಾಡಿ ಎಳೆಯುತ್ತದೆ. ಅದಕ್ಕೇ ಅದರ ಬಗ್ಗೆ ಜಾಸ್ತಿ ಬರೆಯುತ್ತಿದ್ದೇನೆ. ಮೊದಲ ಸಲ ಮಾಡುವವರು ಬಂಪ್ ರಬ್ಬರ್‌ನಿಂದ ಶುರು ಮಾಡಿ, ಕೈ ಕೂತ ಮೇಲೆ ಶ್ಯಾಕಲ್‌ಗೆ ಬನ್ನಿ.

ಇನ್ನೊಂದು ಮಾತು. ಗಾಡಿ ಎತ್ತರ ಮಾಡಲು ಉದ್ದದ ಶ್ಯಾಕಲ್ ಹಾಕುವವರು ಇದ್ದಾರೆ. ನಾನು ಹಾಕುವುದಿಲ್ಲ. ಮುಂದಿನ ಆಕ್ಸಲ್ ತಿರುಗಿ ನಿಂತರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಕಮ್ಮಿಯಾಗುತ್ತದೆ, ಎಂಜಿನ್ನಿನ ಬಲವನ್ನು ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕೂಡ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಅನ್ನುತ್ತದೆ. ನಮ್ಮ ಕೆಎ 32, 33, 38 ನಂಬರಿನ ಹಳೇ ಗಾಡಿಗಳು 15 ವರ್ಷ ತುಂಬಿದ ಮೇಲೆ ಆರ್‌ಟಿಒ ತಪಾಸಣೆಗೆ ಹೋಗಲೇಬೇಕಲ್ವಾ? ಆದ್ದರಿಂದ ಇಲ್ಲಿ ಮಾಡುವುದೆಲ್ಲ ಮೂಲ ಅಳತೆಗೇ.

ಮೊದಲು ಅಳತೆ

ಬೆಳಗ್ಗೆ ತಂಪು ಹೊತ್ತಿನಲ್ಲಿ ಗಾಡಿಯನ್ನು ಸಮತಟ್ಟು ನೆಲದ ಮೇಲೆ ನಿಲ್ಲಿಸಿ. ಶಹಾಬಾದ್ ಕಲ್ಲು ಹಾಸಿದ ಅಂಗಳ ಇದ್ದರೆ ಒಳ್ಳೆಯದು. ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿ, ಒಳಗಿನ ಸಾಮಾನು ತೆಗೆಯಿರಿ. ಗಾಡಿಯನ್ನು ಎರಡು ಸಲ ಕೆಳಕ್ಕೆ ಒತ್ತಿ ಬಿಡಿ. ಆಮೇಲೆ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎಡಕ್ಕೂ ಬಲಕ್ಕೂ ಐದಾರು ಮಿಲಿಮೀಟರ್ ಫರಕು ಇದ್ದರೆ ಚಿಂತೆಯಿಲ್ಲ. ಒಂದೂವರೆ ಸೆಂಟಿಮೀಟರ್ ದಾಟಿದ್ದರೆ ಪಟ್ಟಾವೇ ಕೂತಿದೆ. ಆಗ ಹೊಸ ಶ್ಯಾಕಲ್ ಹಾಕಿ ಪ್ರಯೋಜನವಿಲ್ಲ.

ಜ್ಯಾಕ್ ವಿಷಯದಲ್ಲಿ ಒಂದು ಎಚ್ಚರ. ಮಣ್ಣಿನ ನೆಲದಲ್ಲಿ ಜ್ಯಾಕ್ ಹೂತುಕೊಳ್ಳುತ್ತದೆ ಅಂತ ಕೆಳಗೆ ಶಹಾಬಾದ್ ಕಲ್ಲಿನ ಹೋಳು ಇಡುವವರನ್ನು ನೋಡಿದ್ದೇನೆ. ಅದು ಪದರ ಪದರವಾದ ಕಲ್ಲು. ಒಂದೇ ಜಾಗಕ್ಕೆ ಭಾರ ಬಿದ್ದರೆ ಟಪ್ ಅಂತ ಸೀಳುತ್ತದೆ. ಜಾಲಿ ಮರದ ದಪ್ಪ ಹಲಗೆ ಇಡಿ. ಗಾಡಿ ಎತ್ತಿದ ಮೇಲೆ ಚಾಸಿಯ ಕೆಳಗೆ ಎರಡು ಸ್ಟ್ಯಾಂಡ್ ಕೊಡಿ, ಎದುರು ಬದಿಯ ಚಕ್ರಗಳಿಗೆ ಅಡ್ಡ ಕಟ್ಟೆ ಇಡಿ. ಜ್ಯಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ, ಒಂದು ನಿಮಿಷಕ್ಕೂ ಬೇಡ.

ಬಂಪ್ ರಬ್ಬರ್

ಆಕ್ಸಲ್ ಮೇಲೆದ್ದು ಚಾಸಿಗೆ ಬಡಿಯದ ಹಾಗೆ ತಡೆಯುವ ತುಂಡು ಇದು. ಹಳೇ ಗಾಡಿಗಳಲ್ಲಿ ಅರ್ಧ ಹರಿದಿರುತ್ತದೆ, ಇಲ್ಲಾ ಇರುವುದೇ ಇಲ್ಲ. ಆ ಧಡ್ ಸದ್ದು ಬರುವುದು ಇಲ್ಲಿಂದ.

ಇದಕ್ಕೆ ಬೇಕಾದ ಸಾಮಾನು ನಮ್ಮ ಜಿಲ್ಲೆಯಲ್ಲಿ ಸುಲಭವಾಗಿ ಸಿಗುತ್ತದೆ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಸುಣ್ಣದ ಕಲ್ಲು ಸಾಗಿಸುವ ಕನ್ವೇಯರ್ ಬೆಲ್ಟ್ ಹಳತಾದ ಮೇಲೆ ಗುಜರಿಗೆ ಬರುತ್ತದೆ. ಹತ್ತು ಹನ್ನೆರಡು ಮಿಲಿಮೀಟರ್ ದಪ್ಪ, ಒಳಗೆ ಬಟ್ಟೆ ಪದರ ಇರುವುದನ್ನು ಆರಿಸಿ. ಅಂಚು ನೋಡಿದರೆ ಬಟ್ಟೆಯ ಗೆರೆ ಕಾಣುತ್ತದೆ. ಒಳಗೆ ಉಕ್ಕಿನ ತಂತಿ ಇರುವ ಬೆಲ್ಟ್ ಬೇಡ. ಕತ್ತರಿಸಲು ಆಗುವುದಿಲ್ಲ, ತಂತಿ ಹೊರಬಂದರೆ ಕೈ ಹರಿಯುತ್ತದೆ.

ಹೊಸ ಮೂಲ ರಬ್ಬರಿನ ಎತ್ತರ ತಿಳಿದುಕೊಳ್ಳಿ. ನಿಮ್ಮದು ಹರಿದಿದ್ದರೆ ಬೇರೆ ಯಾರಾದರೂ ಇಟ್ಟುಕೊಂಡ ಒಳ್ಳೆ ಗಾಡಿಯಲ್ಲಿ ಅಳೆಯಿರಿ. ಅದಕ್ಕಿಂತ ಎತ್ತರ ಮಾಡಿದರೆ ಪಟ್ಟಾ ಆಡುವ ಜಾಗ ಕಮ್ಮಿಯಾಗಿ ಸಣ್ಣ ಗುಂಡಿಗೂ ಸೊಂಟ ಹಿಡಿಯುತ್ತದೆ.

ಬೆಲ್ಟನ್ನು ದುಂಡಗೆ ನಾಲ್ಕು ಬಿಲ್ಲೆ ಕತ್ತರಿಸಿ. ಚಾಕುವನ್ನು ಸೋಪಿನ ನೀರಲ್ಲಿ ಅದ್ದಿ ಅದ್ದಿ ಕತ್ತರಿಸಿದರೆ ರಬ್ಬರ್ ಹಿಡಿಯುವುದಿಲ್ಲ, ಸಲೀಸಾಗಿ ಹೋಗುತ್ತದೆ. ಮೇಲಿನ ಎರಡು ಬಿಲ್ಲೆ ಅಗಲ ಇರಲಿ, ಕೆಳಗಿನವು ಸ್ವಲ್ಪ ಸಣ್ಣವಿರಲಿ. ಕೆಳಗೆ ಸಣ್ಣದಿದ್ದರೆ ಆಕ್ಸಲ್ ತಾಗಿದಾಗ ಮೊದಲು ಮೆತ್ತಗೆ ಒತ್ತಿ, ಆಮೇಲೆ ಗಟ್ಟಿಯಾಗುತ್ತದೆ. ಬಟ್ಟೆ ಪದರ ಇರುವುದರಿಂದ ಈ ರಬ್ಬರ್ ಮೂಲದ್ದಕ್ಕಿಂತ ಬಿರುಸು. ಅದಕ್ಕೇ ಈ ಆಕಾರ ಮುಖ್ಯ.

ಮೇಲಿನ ಎರಡಕ್ಕೆ ಬೋಲ್ಟಿನಷ್ಟೇ ತೂತು. ಕೆಳಗಿನ ಎರಡಕ್ಕೆ ಬೋಲ್ಟಿನ ತಲೆಯೂ ವಾಷರೂ ಒಳಗೆ ಕೂರುವಷ್ಟು ದೊಡ್ಡ ತೂತು. ಹಾಗೆ ಮಾಡಿದರೆ ಬೋಲ್ಟಿನ ತಲೆ ಸುಮಾರು ಒಂದೂವರೆ ಸೆಂಟಿಮೀಟರ್ ಒಳಗೆ ಉಳಿಯುತ್ತದೆ, ಆಕ್ಸಲ್‌ಗೆ ತಾಗುವುದಿಲ್ಲ. ಬಿಲ್ಲೆಗಳ ಮುಖವನ್ನು ಒರಟು ಅರದಿಂದ ಉಜ್ಜಿ, ಪಂಕ್ಚರ್ ಅಂಗಡಿಯ ಸಲ್ಯೂಷನ್ ಎರಡೂ ಕಡೆ ಹಚ್ಚಿ, ಅಂಟು ಕೈಗೆ ಹತ್ತದಷ್ಟು ಆರಿದ ಮೇಲೆ ಕೂಡಿಸಿ ಒಂದು ರಾತ್ರಿ ವೈಸಿನಲ್ಲಿ ಬಿಡಿ. ಬರೀ ಅಂಟಿಗೆ ಬಿಡಬೇಡಿ. ಕೆಳಗಿನ ಮೂರು ಬಿಲ್ಲೆಯನ್ನು ಚಪ್ಪಲಿ ಹೊಲಿಯುವವರ ಹತ್ತಿರ ದಪ್ಪ ನೈಲಾನ್ ದಾರದಿಂದ ಸುತ್ತಲೂ ಹೊಲಿಸಿ. ನಮ್ಮ ಗಾಡಿಯಲ್ಲಿ ಹೀಗೆ ಮಾಡಿದ ಜೋಡಿ ಮೂರು ಮಳೆಗಾಲ ಕಂಡಿದೆ.

ಪಟ್ಟಾ ಪ್ಯಾಡ್

ಕಿರ್ ಕಿರ್ ಸದ್ದು ಬರುವುದು ಒಂದು ಪಟ್ಟಾದ ತುದಿ ಇನ್ನೊಂದರ ಮೇಲೆ ಉಜ್ಜುವುದರಿಂದ. ಗ್ರೀಸ್ ಬಳಿಯುವುದು ಹಳೇ ರೂಢಿ. ನಮ್ಮ ಧೂಳಿನಲ್ಲಿ ಅದು ಹಿತವಲ್ಲ. ಗ್ರೀಸಿಗೆ ಧೂಳು ಅಂಟಿ ಸಾಣೆ ಹಿಡಿಯುವ ಪೇಸ್ಟಿನ ಹಾಗೆ ಆಗುತ್ತದೆ, ಪಟ್ಟಾವನ್ನೇ ತಿನ್ನುತ್ತದೆ. ನಡುವೆ ಪ್ಲಾಸ್ಟಿಕ್ ಪ್ಯಾಡ್ ಕೊಟ್ಟು ಒಣಗೇ ಬಿಡುವುದು ಒಳ್ಳೆಯದು.

ಪ್ಲಾಸ್ಟಿಕ್ ಎಲ್ಲಿಂದ? ಹೊಲದ ಸ್ಪ್ರಿಂಕ್ಲರ್ ಪೈಪು. ಆ ಕರಿ ಪೈಪು ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್, ಜಾರುವ ಗುಣ ಅದಕ್ಕೆ ಹುಟ್ಟಿನಿಂದಲೇ ಇದೆ. ಒಡೆದ ತುಂಡೊಂದನ್ನು ಉದ್ದಕ್ಕೆ ಸೀಳಿ, ಕುದಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ಬಿಡಿ. ಚಿಮ್ಮಟದಿಂದ ತೆಗೆದು ಕೂಡಲೇ ಎರಡು ಶಹಾಬಾದ್ ಕಲ್ಲಿನ ನಡುವೆ ಇಟ್ಟು ಮೇಲೆ ಭಾರ ಹೇರಿ. ಈ ಕೆಲಸಕ್ಕೆ ಆ ಕಲ್ಲು ಹೇಳಿ ಮಾಡಿಸಿದ್ದು, ಯಾಕೆಂದರೆ ಭಾರ ಎಲ್ಲಾ ಕಡೆ ಹರಡುತ್ತದೆ. ತಣ್ಣಗಾದ ಮೇಲೆ ಸ್ವಲ್ಪ ಬಾಗು ಉಳಿದರೂ ಅಡ್ಡಿಯಿಲ್ಲ.

ಪಟ್ಟಾದ ಅಗಲಕ್ಕಿಂತ ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಜಾಸ್ತಿ ಬಿಟ್ಟು, ಉದ್ದ ಏಳು ಸೆಂಟಿಮೀಟರ್‌ನಷ್ಟು ಕತ್ತರಿಸಿ. ಹಾಟ್ ಏರ್ ಗನ್‌ನಿಂದ ಅಂಚುಗಳನ್ನು ಕಾಯಿಸಿ ಕೆಳಕ್ಕೆ ಮಡಚಿ. ತುದಿಯ ಅಂಚನ್ನೂ ಮಡಚಿ. ಕೆಳಗಿನ ಪಟ್ಟಾದ ತುದಿಗೆ ಟೋಪಿ ಹಾಕಿದ ಹಾಗೆ ಇದು ಕೂರಬೇಕು. ಹಾಗೆ ಕೂತರೆ ತೂತೂ ಬೇಡ, ಅಂಟೂ ಬೇಡ.

ಜೋಡಿಸಲು, ಪಟ್ಟಾಗಳನ್ನು ನಡುವೆ ಕೂಡಿಸಿ ಹಿಡಿಯುವ ಸೆಂಟರ್ ಬೋಲ್ಟ್ ಬಿಚ್ಚಬೇಕಾಗಿಲ್ಲ. ಸೈಡಿನ ಕ್ಲಿಪ್ ಬಿಚ್ಚಿ, ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಇಳಿಬಿಟ್ಟರೆ ಪಟ್ಟಾಗಳ ನಡುವಿನ ಬಿಗಿ ಕಮ್ಮಿಯಾಗುತ್ತದೆ. ಅಗಲ ಉಳಿಯಿಂದ ಸ್ವಲ್ಪ ಬಿಡಿಸಿ ಪ್ಯಾಡ್ ಒಳಗೆ ತಳ್ಳಿ. ಬೆರಳು ಮಾತ್ರ ನಡುವೆ ಹಾಕಬೇಡಿ. ಸೆಂಟರ್ ಬೋಲ್ಟ್ ಬಿಚ್ಚಲೇಬೇಕಾದರೆ ಅದರ ಎರಡೂ ಬದಿಗೆ ಸಿ ಕ್ಲಾಂಪ್ ಬಿಗಿದು ಆಮೇಲೆ ಬಿಚ್ಚಿ. ಇಲ್ಲದಿದ್ದರೆ ಪಟ್ಟಾಗಳು ಚಿಮ್ಮುತ್ತವೆ.

ಶ್ಯಾಕಲ್ ಪ್ಲೇಟ್

ಪಟ್ಟಾ ಒತ್ತಿದಾಗ ಉದ್ದವಾಗುತ್ತದೆ, ಬಿಟ್ಟಾಗ ಗಿಡ್ಡವಾಗುತ್ತದೆ. ಆ ಉದ್ದ ಗಿಡ್ಡಕ್ಕೆ ಜಾಗ ಕೊಡುವುದು ಶ್ಯಾಕಲ್. ಎರಡು ಪ್ಲೇಟು, ಎರಡು ಪಿನ್ನು, ನಡುವೆ ಬುಶ್ (ರಬ್ಬರಿನ ಕೊಳವೆ). ಪಿನ್ನು ಸವೆದು ಪ್ಲೇಟಿನ ತೂತು ಮೊಟ್ಟೆ ಆಕಾರ ಆಗಿದ್ದರೆ ಬದಲಿಸಬೇಕು.

ಮೊದಲ ಜೋಡಿ ಮಾಡಿದಾಗ ನಾನು ಒಂದು ತಪ್ಪು ಮಾಡಿದೆ. ನಾಲ್ಕೂ ಪ್ಲೇಟಿಗೆ ಬೇರೆ ಬೇರೆ ಗುರುತು ಹಾಕಿ ಬೇರೆ ಬೇರೆಯಾಗಿ ಕೊರೆದೆ. ಫರಕು ಇದ್ದದ್ದು ಒಂದು ಮಿಲಿಮೀಟರ್ ಅಷ್ಟೇ. ಬೋಲ್ಟ್ ಕೈಯಿಂದ ಹೋಗಲಿಲ್ಲ, ಸುತ್ತಿಗೆಯಿಂದ ಹೊಡೆದು ಕೂಡಿಸಿದೆ. ಎರಡು ತಿಂಗಳಲ್ಲಿ ಬುಶ್ ಒಂದೇ ಬದಿಗೆ ಕಿತ್ತು ಹೋಯಿತು. ನಮ್ಮ ಓಣಿಯಲ್ಲಿ ಬಹಳ ವರ್ಷ ಫಿಟ್ಟರ್ ಕೆಲಸ ಮಾಡಿದ ಕಾಕಾ ಒಬ್ಬರಿದ್ದಾರೆ. ಬಿಚ್ಚಿದ ಪ್ಲೇಟುಗಳನ್ನು ಬೆಳಕಿಗೆ ಹಿಡಿದು, ಒಂದರ ತೂತಿನಲ್ಲಿ ಇನ್ನೊಂದರ ಅಂಚು ಚಂದ್ರನ ಕೋರೆಯ ಹಾಗೆ ಇಣುಕುವುದನ್ನು ತೋರಿಸಿದರು. “ತಮ್ಮಾ, ಎರಡೂ ಕೂಡಿಸಿ ತೂತ ಹೊಡಿ. ಬ್ಯಾರೆ ಬ್ಯಾರೆ ಹೊಡದ್ರ ಬುಶ್ ಬಾಳಂಗಿಲ್ಲ,” ಅಂದರು. ಕೆಳಗಿನ ಕ್ರಮ ಬಹುಪಾಲು ಅವರು ಕಲಿಸಿದ್ದು.

ಅಳತೆ ಹೀಗೆ ತೆಗೆಯಿರಿ. ತೂತಿನ ನಡು ಕಣ್ಣಂದಾಜಿಗೆ ಸಿಗುವುದಿಲ್ಲ. ಎರಡು ಪಿನ್ನುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿಯಿರಿ, ಬಂದದ್ದರಲ್ಲಿ ಒಂದು ಪಿನ್ನಿನ ದಪ್ಪ ಕಳೆಯಿರಿ. ಉದಾಹರಣೆಗೆ ಹೊರ ಅಳತೆ 92 ಮಿಲಿಮೀಟರ್, ಪಿನ್ನು 14 ಇದ್ದರೆ ನಡುವಿನಿಂದ ನಡುವಿಗೆ 78. ಪಿನ್ನು ಸವೆಯದ ಜಾಗದಲ್ಲೇ ಅಳೆಯಿರಿ.

ಕಬ್ಬಿಣದ ಅಂಗಡಿಯಲ್ಲಿ ಎಂಎಸ್ ಫ್ಲ್ಯಾಟ್ (ಮೆದು ಉಕ್ಕಿನ ಪಟ್ಟಿ) ಸಿಗುತ್ತದೆ. ಮೂಲ ಪ್ಲೇಟಿಗಿಂತ ತೆಳ್ಳಗಿರಬಾರದು, ನಾನು 40 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪದ್ದು ತರುತ್ತೇನೆ. ತೂತಿನ ನಡುವಿನಿಂದ ಅಂಚಿಗೆ ಕನಿಷ್ಠ ತೂತಿನ ಒಂದೂವರೆ ಪಟ್ಟು ಇರಬೇಕು. 12 ಮಿಲಿಮೀಟರ್ ತೂತಿಗೆ 18. 40ರ ಫ್ಲ್ಯಾಟಿನಲ್ಲಿ 20 ಸಿಗುತ್ತದೆ, ಸಾಕು.

ಹ್ಯಾಕ್ಸಾಗೆ ಇಂಚಿಗೆ 18 ಹಲ್ಲಿನ ಬ್ಲೇಡ್ ಹಾಕಿ, ಹಲ್ಲು ಮುಂದಕ್ಕೆ ನೋಡುತ್ತಿರಬೇಕು. ಮುಂದೆ ತಳ್ಳುವಾಗ ಒತ್ತಿ, ಹಿಂದೆ ಎಳೆಯುವಾಗ ಹಗುರ ಬಿಡಿ. ಅವಸರ ಮಾಡಿದರೆ ಬ್ಲೇಡಿನ ಹಲ್ಲು ಹೋಗುತ್ತದೆ, ಕೆಲಸ ಮುಗಿಯುವುದಿಲ್ಲ.

ಈಗ ಗುರುತು ಹಾಕುವುದು. ಹೊಳೆಯುವ ಕಬ್ಬಿಣದ ಮೇಲೆ ಗೆರೆ ಕಾಣುವುದಿಲ್ಲ. ಬೀದರ್‌ನಲ್ಲಿ ಬಿದ್ರಿ ಕೆಲಸದವರು ಏನು ಮಾಡುತ್ತಾರೆ ನೋಡಿ. ಸತು, ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಯನ್ನು ಅರದಿಂದ ನಯ ಮಾಡಿ, ಮೈಲುತುತ್ತದ ನೀರು ಬಳಿಯುತ್ತಾರೆ. ಮೈ ಕಪ್ಪಾಗುತ್ತದೆ, ಅದರ ಮೇಲೆ ಚಿತ್ರ ಗೀಚಿದರೆ ಬಿಳಿ ಗೆರೆ ಎದ್ದು ಕಾಣುತ್ತದೆ. ಫಿಟ್ಟರ್‌ಗಳು ಉಕ್ಕಿಗೂ ಇದನ್ನೇ ಬಳಿಯುತ್ತಾರೆ. ಉಕ್ಕಿನ ಮೇಲೆ ಮಾತ್ರ ಅದು ಕಪ್ಪಾಗುವುದಿಲ್ಲ, ತಾಮ್ರದ ತೆಳು ಪದರ ಕೂತು ಕೆಂಪಾಗುತ್ತದೆ. ಮೈಲುತುತ್ತ ಗೊಬ್ಬರ, ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಅರ್ಧ ಲೋಟ ನೀರಿಗೆ ಅರ್ಧ ಚಮಚ ಸಾಕು. ಫ್ಲ್ಯಾಟನ್ನು ಮರಳು ಕಾಗದದಿಂದ ಹೊಳೆಯುವ ತನಕ ಉಜ್ಜಿ, ಎಣ್ಣೆ ಜಿಡ್ಡು ಇಲ್ಲದ ಹಾಗೆ ಒರೆಸಿ, ಬಟ್ಟೆಯಿಂದ ಬಳಿಯಿರಿ. ಕ್ಷಣದಲ್ಲಿ ಬಣ್ಣ ತಿರುಗುತ್ತದೆ. ಮೊನೆಯಿಂದ ಗೆರೆ ಎಳೆದರೆ ಕೆಂಪಿನ ನಡುವೆ ಬೆಳ್ಳಿ ಕೂದಲಿನ ಹಾಗೆ ಕಾಣುತ್ತದೆ. ಅದು ವಿಷ, ಕೈಗೆ ಗ್ಲೌಸ್ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಕೆಲಸ ಮುಗಿದ ಮೇಲೆ ಪದರವನ್ನು ಪೂರ್ತಿ ಉಜ್ಜಿ ತೆಗೆಯಿರಿ, ಉಳಿದರೆ ತುಕ್ಕು ಬೇಗ ಹಿಡಿಯುತ್ತದೆ.

ಗೆರೆಗಳು ಕೂಡುವಲ್ಲಿ ಸೆಂಟರ್ ಪಂಚ್ ನೇರ ಹಿಡಿದು ಮೊದಲು ಮೆಲ್ಲಗೆ ಒಂದು ಏಟು ಹಾಕಿ, ನೋಡಿ, ಸರಿ ಇದ್ದರೆ ಜೋರಾಗಿ ಇನ್ನೊಂದು.

ಎರಡು ಪ್ಲೇಟು ಒಂದರ ಮೇಲೊಂದು ಇಟ್ಟು ಸಿ ಕ್ಲಾಂಪ್‌ನಿಂದ ಬಿಗಿಯಿರಿ. 4 ಮಿಲಿಮೀಟರ್ ಬಿಟ್‌ನಿಂದ ಶುರು, ಆಮೇಲೆ 8, ಆಮೇಲೆ 12. ದಪ್ಪ ಬಿಟ್‌ಗೆ ವೇಗ ಕಮ್ಮಿ ಇರಬೇಕು. 12ರ ಬಿಟ್‌ಗೆ ನಿಮಿಷಕ್ಕೆ 600 ಸುತ್ತಿನ ಆಸುಪಾಸು. ಹನಿ ಹನಿ ಎಣ್ಣೆ ಬಿಡುತ್ತಿರಿ. ನಾನು ಅಡುಗೆ ಮನೆಯ ಕುಸುಬಿ ಎಣ್ಣೆಯನ್ನೇ ಬಳಸುತ್ತೇನೆ, ಚೆನ್ನಾಗಿಯೇ ಆಗುತ್ತದೆ. ಚೂರು ಉದ್ದಕ್ಕೆ ಸುರುಳಿಯಾಗಿ ಬಂದರೆ ಬಿಟ್ ಹದವಾಗಿದೆ. ಪುಡಿ ಪುಡಿಯಾಗಿ ಬಂದು ಹೊಗೆ ಎದ್ದರೆ ನಿಲ್ಲಿಸಿ ಬಿಟ್‌ಗೆ ಸಾಣೆ ಹಿಡಿಸಿ. ಡ್ರಿಲ್ ಸ್ಟ್ಯಾಂಡ್ ಒಂದನ್ನು ಕೊಂಡರೆ ತೂತು ನೇರ ಬರುತ್ತದೆ, ಆ ದುಡ್ಡು ದಂಡವಲ್ಲ.

ಮೊದಲ ತೂತು ಪೂರ್ತಿ ಅಳತೆಗೆ ಬಂದ ಮೇಲೆ ಅದರಲ್ಲೇ ಬೋಲ್ಟ್ ಹಾಕಿ ನಟ್ ಬಿಗಿಯಿರಿ. ಆಮೇಲೆ ಎರಡನೇ ತೂತು. ಹೀಗೆ ಮಾಡಿದರೆ ಪ್ಲೇಟುಗಳು ಕದಲುವುದಿಲ್ಲ. ಇನ್ನೆರಡು ಪ್ಲೇಟಿಗೆ ಹೊಸದಾಗಿ ಅಳೆಯಬೇಡಿ. ಮೊದಲನೆಯದನ್ನೇ ಮೇಲಿಟ್ಟು ಅದರ ತೂತಿನ ಮೂಲಕ ಕೊರೆಯಿರಿ. ಎಡಕ್ಕೂ ಬಲಕ್ಕೂ ಒಂದೇ ಉದ್ದ ಬರುವುದು ಇದರಿಂದಲೇ.

ಮೂಲೆಗಳನ್ನು ದುಂಡಗೆ ಮಾಡಿ. ಅಂಚಿನ ಮೇಲೆ ಅರವನ್ನು ಉದ್ದಕ್ಕೆ ಎಳೆಯಿರಿ, ಅಡ್ಡಕ್ಕಲ್ಲ. ಅಡ್ಡ ಗೀರು ಉಳಿದರೆ ಬಿರುಕು ಶುರುವಾಗುವುದು ಅಲ್ಲಿಂದ. ತೂತಿನ ಬಾಯಿಯ ಚೂಪನ್ನು ದೊಡ್ಡ ಬಿಟ್‌ನಿಂದ ಕೈಯಲ್ಲೇ ತಿರುಗಿಸಿ ತೆಗೆಯಿರಿ. ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಕಪ್ಪು ಪೇಂಟ್. ಬೋಲ್ಟಿನ ತಲೆ, ಸ್ಲೀವ್ ತಾಗುವ ಜಾಗದಲ್ಲಿ ದಪ್ಪ ಪೇಂಟ್ ಬೇಡ. ಒತ್ತಡಕ್ಕೆ ಪೇಂಟ್ ಹಿಂಡಿಹೋಗಿ ಬೋಲ್ಟ್ ಸಡಿಲವಾಗುತ್ತದೆ.

ಬೋಲ್ಟ್ ತಲೆಯ ಮೇಲೆ 8.8 ಅಂತ ಒತ್ತಿರುವುದನ್ನೇ ತನ್ನಿ. ಮಾಮೂಲಿ 4.6 ಬೋಲ್ಟಿಗಿಂತ ಅದರ ಬಲ ಎರಡು ಪಟ್ಟು. ಬುಶ್ ಒಳಗೆ ಬೋಲ್ಟಿನ ನಯವಾದ ಭಾಗ ಇರಬೇಕು, ಮರೆ (ಥ್ರೆಡ್) ಇರಬಾರದು. ಮರೆ ಅರದ ಹಾಗೆ ತಿನ್ನುತ್ತದೆ. ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ ಒಂದೇ ಸಲಕ್ಕೆ, ಬಿಚ್ಚಿದರೆ ಹೊಸದು.

ಬುಶ್ ಕೊಂಡು ತನ್ನಿ. ಬೋಲ್ಟಿಗೂ ಬುಶ್‌ಗೂ ನಡುವೆ ಉಕ್ಕಿನ ಸ್ಲೀವ್ ಬೇಕು, ಅದನ್ನು ಲೇತ್ ಅಂಗಡಿಯಲ್ಲಿ ಮಾಡಿಸಿ. ಬೋಲ್ಟ್ ಬಿಗಿದಾಗ ಎರಡೂ ಪ್ಲೇಟು ಸ್ಲೀವ್‌ನ ತುದಿಗೆ ತಾಗಿ ನಿಲ್ಲಬೇಕು, ರಬ್ಬರ್ ನಡುವೆ ಸಿಕ್ಕಿ ಚಪ್ಪಟೆ ಆಗಬಾರದು.

ಜೋಡಿಸುವುದು

ಒಂದು ಸಲಕ್ಕೆ ಒಂದೇ ಶ್ಯಾಕಲ್ ಬಿಚ್ಚಿ. ಎರಡೂ ಬಿಚ್ಚಿದರೆ ಆಕ್ಸಲ್ ಸರಿದು ತೂತು ಕೂಡಿಸುವುದೇ ದೊಡ್ಡ ಕೆಲಸವಾಗುತ್ತದೆ. ಚಾಸಿ ಸ್ಟ್ಯಾಂಡ್ ಮೇಲಿರಲಿ, ಇನ್ನೊಂದು ಜ್ಯಾಕ್ ಆಕ್ಸಲ್ ಕೆಳಗಿರಲಿ. ಅದನ್ನು ಒಂದಿಷ್ಟು ಏರಿಸಿ ಇಳಿಸಿ ಪಟ್ಟಾದ ಬಿಗಿ ಹೋದಾಗ ಹಳೇ ಪಿನ್ನು ಸುಲಭವಾಗಿ ಹೊರಬರುತ್ತದೆ. ಹೊಸ ಬೋಲ್ಟ್ ಕೈಯಿಂದಲೇ ಒಳಗೆ ಹೋಗಬೇಕು. ಸುತ್ತಿಗೆ ಬೇಕಾಯಿತು ಅಂದರೆ ಏನೋ ತಪ್ಪಿದೆ, ಬಿಚ್ಚಿ ನೋಡಿ.

ಗಾಡಿ ಎತ್ತಿದ ಸ್ಥಿತಿಯಲ್ಲಿ ಬೋಲ್ಟ್ ಪೂರ್ತಿ ಬಿಗಿಯಬೇಡಿ. ಚಕ್ರ ಹಾಕಿ, ಗಾಡಿ ಇಳಿಸಿ, ಭಾರ ಪಟ್ಟಾದ ಮೇಲೆ ಬಂದ ಮೇಲೆ ಬಿಗಿಯಿರಿ. ಎತ್ತಿದಾಗಲೇ ಬಿಗಿದರೆ ರಬ್ಬರ್ ಬುಶ್ ತಿರುಚಿಕೊಂಡೇ ಕೂರುತ್ತದೆ, ದಿನಾ ಆ ತಿರುಚಿನಲ್ಲೇ ದುಡಿದು ಹರಿಯುತ್ತದೆ. ಬಿಗಿತ ಕಂಪನಿ ಕೈಪಿಡಿ ಹೇಳಿದಷ್ಟು. ಸ್ಲೀವ್ ಇರುವ 12ರ 8.8 ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್ ದಾಟಬಾರದು. ಟಾರ್ಕ್ ಪಾನಾ ಇಲ್ಲದಿದ್ದರೆ ಅರ್ಧ ಗಂಟೆಗೆ ಯಾರ ಹತ್ತಿರವಾದರೂ ಕೇಳಿ ತನ್ನಿ.

ಮತ್ತೆ ಆ ನಾಲ್ಕು ಎತ್ತರ ಅಳೆದು ನೋಟ್‌ಬುಕ್ಕಿನ ಹಳೇ ಅಂಕಿಯ ಪಕ್ಕ ಬರೆಯಿರಿ. ಖಾಲಿ ಗಾಡಿಯಲ್ಲಿ ನಿಧಾನವಾಗಿ ಹತ್ತು ಕಿಲೋಮೀಟರ್ ಹೋಗಿ ಬನ್ನಿ. ನೇರ ದಾರಿಯಲ್ಲಿ ಒಂದೇ ಕಡೆ ಎಳೆಯುತ್ತದಾ, ಬ್ರೇಕ್ ಹಾಕಿದಾಗ ಹಿಂದಿನ ಭಾಗ ಓಲುತ್ತದಾ ನೋಡಿ. ಬೋಲ್ಟಿನ ತುದಿ, ನಟ್ ಮತ್ತು ಪ್ಲೇಟಿನ ಮೇಲೆ ಸೇರಿಸಿ ಬಿಳಿ ಪೇಂಟಿನ ಒಂದು ಗೆರೆ ಎಳೆದಿಡಿ. 100 ಕಿಲೋಮೀಟರ್ ಆದ ಮೇಲೆ ಒಮ್ಮೆ, 500 ಆದ ಮೇಲೆ ಒಮ್ಮೆ ಕೆಳಗೆ ಬಗ್ಗಿ ನೋಡಿ. ಗೆರೆ ಒಡೆದು ಸರಿದಿದ್ದರೆ ಬೋಲ್ಟ್ ಇಲ್ಲಾ ನಟ್ ತಿರುಗಿದೆ. ಆ ನಟ್ ತೆಗೆದು ಹೊಸದು ಹಾಕಿ. ತೊಗರಿ ರಾಶಿ ಮುಗಿದು ಚೀಲ ಹೇರುವ ಮುಂಚೆ ಪ್ಲೇಟಿನ ತೂತಿನ ಸುತ್ತ ಮಣ್ಣು ತೊಳೆದು, ಟಾರ್ಚ್ ಓರೆಯಾಗಿ ಹಿಡಿದು ಬಿರುಕು ಹುಡುಕಿ. ಕೂದಲೆಳೆಯಷ್ಟು ಕಂಡರೂ ಆ ಪ್ಲೇಟ್ ಗುಜರಿಗೆ ಹಾಕಿ ಹೊಸದು ಕೊರೆಯಿರಿ.